ಗೋಲ್ಡ್ ಕಾರ್ಡಿಗಾಗಿ ಸುತ್ತುದಾರಿ: ಕೊಡಗಿನವರ ಲೆಕ್ಕ ಬೇರೆ

ಮಾನ್ಯ ಸಂಪಾದಕರಿಗೆ,

ಕಾಫಿ, ಕರಿಮೆಣಸು, ಹೋಂಸ್ಟೇ, ರೆಸಾರ್ಟ್ ವ್ಯವಹಾರದ ಮೇಲೆ ಕೊಡಗಿನಿಂದ ವಿದೇಶಕ್ಕೆ ಹೋಗಿಬರುವವರು ಈಗ ಸಾಕಷ್ಟು ಇದ್ದಾರೆ. ಟಿಕೆಟ್ ಮಾಡಿಸಲು ಬಂದಾಗ ಇವರಲ್ಲಿ ಹಲವರು ಮೊದಲು ಕೇಳುವುದು ತಲುಪುವ ಹೊತ್ತನ್ನಲ್ಲ, ‘ನನ್ನ ಕಾರ್ಡಿಗೆ ಪಾಯಿಂಟ್ ಸೇರುತ್ತದಾ’ ಎಂದು. ಇದು ವಿಮಾನ ಕಂಪನಿ ಪದೇಪದೇ ಹಾರುವವರಿಗೆ ಕೊಡುವ ಸದಸ್ಯತ್ವದ ಕಾರ್ಡು; ಅಂಕ ಕೂಡಿದಂತೆ ಸಿಲ್ವರ್, ಗೋಲ್ಡ್ ಎಂದು ಸ್ಟೇಟಸ್ ಏರುತ್ತದೆ. ಸಿಲ್ವರ್ ಇದ್ದದ್ದನ್ನು ಗೋಲ್ಡ್ ಮಾಡಿಕೊಳ್ಳಲು, ಗೋಲ್ಡ್ ಇದ್ದದ್ದನ್ನು ಉಳಿಸಿಕೊಳ್ಳಲು, ಒಂದು ಕಡೆ ವಿಮಾನ ಬದಲಿಸಿದರೆ ಸಾಕಾಗುವಲ್ಲಿ ಎರಡು ಕಡೆ ಬದಲಿಸುತ್ತಾರೆ. ರೈಲೂ ಇಲ್ಲದ, ವಿಮಾನ ನಿಲ್ದಾಣವೂ ಇಲ್ಲದ ಜಿಲ್ಲೆಯವರಿಗೆ ಇದು ಮೂಗಿಗಿಂತ ಮೂಗುತಿ ಭಾರ. ಟಿಕೆಟ್ ವೃತ್ತಿಯಲ್ಲಿರುವ ನಾವು ಗಿರಾಕಿಗಳಿಗೆ ಬಿಡಿಬಿಡಿಯಾಗಿ ಹೇಳುವುದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇವೆ.

ಎಣಿಕೆಯ ರೀತಿಯೇ ಬದಲಾಗಿದೆ ಎಂಬುದು ಹಲವರ ಗಮನಕ್ಕೆ ಬಂದಿಲ್ಲ. ಹಿಂದೆ ಬಹುತೇಕ ಕಂಪನಿಗಳು ಹಾರಿದ ದೂರ, ಕೂತ ದರ್ಜೆ, ಹತ್ತಿದ ವಿಮಾನಗಳ ಸಂಖ್ಯೆ ನೋಡಿ ಸ್ಟೇಟಸ್ ಕೊಡುತ್ತಿದ್ದವು. ಆಗ ಸುತ್ತಿ ಹೋದಷ್ಟೂ ಅಂಕ ಹೆಚ್ಚು. ಸುತ್ತುದಾರಿಗೆ ಒಂದು ಅರ್ಥವಿತ್ತು. ಈಗ ಒಂದೊಂದೇ ಕಂಪನಿ ನೀವು ಕೊಟ್ಟ ದುಡ್ಡಿನ ಮೇಲೆ ಅಂಕ ಕೊಡುವ ಪದ್ಧತಿಗೆ ಹೊರಳಿದೆ. ಬ್ರಿಟಿಷ್ ಏರ್‌ವೇಸ್ 2025ರ ಏಪ್ರಿಲ್ 1ರಿಂದ ಒಂದು ಪೌಂಡ್ ಖರ್ಚಿಗೆ ಒಂದು ಟಿಯರ್ ಪಾಯಿಂಟ್ (ಸ್ಟೇಟಸ್‌ಗೆ ಎಣಿಸುವ ಅಂಕ) ಎಂದು ಮಾಡಿತು. ಅಲ್ಲಿ ಸಿಲ್ವರ್ ಆಗಲು 7,500, ಗೋಲ್ಡ್ ಆಗಲು 20,000 ಪಾಯಿಂಟ್ ಬೇಕು, ಸರ್ಕಾರಿ ತೆರಿಗೆಯ ಭಾಗ ಎಣಿಕೆಗೆ ಬರುವುದಿಲ್ಲ. ಏರ್ ಇಂಡಿಯಾ ಕೂಡ 2024ರಲ್ಲಿ ಖರ್ಚಿನ ಲೆಕ್ಕಕ್ಕೆ ಬಂತು. ಅದರ ಹಳೆಯ ಫ್ಲೈಯಿಂಗ್ ರಿಟರ್ನ್ಸ್ ಯೋಜನೆಗೆ ಈಗ ಮಹಾರಾಜ ಕ್ಲಬ್ ಎಂದು ಹೆಸರು. ಇಂಥ ಯೋಜನೆಯಲ್ಲಿ ಅದೇ ದುಡ್ಡಿಗೆ ದೆಹಲಿ ಸುತ್ತಿ ಹೋದರೂ ನೇರ ಹೋದರೂ ಅಂಕ ಹೆಚ್ಚುಕಡಿಮೆ ಒಂದೇ. ಸುತ್ತಿದ್ದಕ್ಕೆ ಉಳಿಯುವುದು ಸೊಂಟನೋವು ಮಾತ್ರ.

ದೂರದ ಲೆಕ್ಕ ಉಳಿಸಿಕೊಂಡ ಯೋಜನೆಗಳೂ ಇವೆ. ಸಿಂಗಪುರ್ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್‌ನಲ್ಲಿ ಎಲೀಟ್ ಗೋಲ್ಡ್‌ಗೆ 12 ತಿಂಗಳಲ್ಲಿ 50,000 ಎಲೀಟ್ ಮೈಲ್ಸ್ ಬೇಕು, ಸಿಲ್ವರ್‌ಗೆ 25,000. ಬೆಂಗಳೂರಿನಿಂದ ಸಿಂಗಪುರಕ್ಕೆ ಒಂದು ಬದಿಗೆ ಸುಮಾರು 2,000 ಮೈಲಿ. ಅತಿ ಅಗ್ಗದ ಎಕಾನಮಿ ಟಿಕೆಟ್‌ಗೆ ಅರ್ಧದಷ್ಟೇ ಮೈಲ್ಸ್ ಎಂದಿಟ್ಟುಕೊಂಡರೆ ಒಂದು ಬದಿಗೆ ಸಿಗುವುದು ಸಾವಿರ. ಅಂದರೆ ಗೋಲ್ಡ್ ಮುಟ್ಟಲು ವರ್ಷಕ್ಕೆ 25 ಸಲ ಹೋಗಿಬರಬೇಕು. ತೋಟ ನೋಡಿಕೊಳ್ಳುವವರಿಗೆ ಇದು ಆಗುವ ಮಾತೇ? ಬಿಸಿನೆಸ್ ಕ್ಲಾಸಿನಲ್ಲಿ ದೂರದ ಪ್ರಯಾಣ ಮಾಡುವವರಿಗೆ ಮಾತ್ರ ಈ ಗುರಿ ಕೈಗೆ ಎಟಕುತ್ತದೆ. ಎಮಿರೇಟ್ಸ್ ಸ್ಕೈವರ್ಡ್ಸ್‌ನಲ್ಲೂ ಸಿಲ್ವರ್‌ಗೆ 25,000, ಗೋಲ್ಡ್‌ಗೆ 50,000 ಟಿಯರ್ ಮೈಲ್ಸ್. ಅಲ್ಲೂ ಅಗ್ಗದ ದರದ ಟಿಕೆಟ್‌ಗೆ ಸಿಗುವುದು ಕಡಿಮೆ.

ಇಲ್ಲಿ ಇನ್ನೊಂದು ಗೊಂದಲವನ್ನು ಬಿಡಿಸಬೇಕು. ಪ್ರತಿ ಖಾತೆಯಲ್ಲೂ ಎರಡು ಬಗೆಯ ಅಂಕ ಇರುತ್ತದೆ. ಒಂದು, ಟಿಕೆಟ್ ಕೊಳ್ಳಲು ಬಳಸುವ ಮೈಲ್ಸ್. ಇನ್ನೊಂದು, ಸ್ಟೇಟಸ್ ನಿರ್ಧರಿಸುವ ಅಂಕ. ಕ್ರೆಡಿಟ್ ಕಾರ್ಡಿನ ರಿವಾರ್ಡ್ ಪಾಯಿಂಟ್‌ಗಳನ್ನು ವಿಮಾನ ಕಂಪನಿಗೆ ವರ್ಗಾಯಿಸಿದರೆ ಸಾಮಾನ್ಯವಾಗಿ ಮೊದಲನೆಯದಷ್ಟೇ ಹೆಚ್ಚುತ್ತದೆ. ಮೈಲ್ಸ್ ಕೊಟ್ಟು ಪಡೆದ ಟಿಕೆಟ್‌ನಲ್ಲಿ ಹಾರಿದರೆ ಹೆಚ್ಚಿನ ಕಡೆ ಎರಡನೆಯದು ಬರುವುದಿಲ್ಲ. ಖಾತೆಯಲ್ಲಿ ಲಕ್ಷ ಮೈಲ್ಸ್ ಕಂಡು ‘ನಾನು ಗೋಲ್ಡ್’ ಎಂದುಕೊಂಡು ನಿಲ್ದಾಣದ ಲೌಂಜ್ (ವಿಶ್ರಾಂತಿ ಕೋಣೆ) ಬಾಗಿಲಿನಿಂದ ಹಿಂದೆ ಬಂದವರು ಬಹಳ ಮಂದಿ.

ಈಗ ನಮ್ಮ ಊರಿನ ದಾರಿಗೆ ಬರೋಣ. ಜಾಲತಾಣದಲ್ಲಿ ಕಾಣುವ ‘ಒಟ್ಟು ಪ್ರಯಾಣ 13 ಗಂಟೆ’ ಎಂಬುದು ಬೆಂಗಳೂರಿನ ಟರ್ಮಿನಲ್‌ನಿಂದ ಶುರುವಾಗುತ್ತದೆ. ಕೊಡಗಿನವರು ತಮ್ಮ ಮನೆಯ ಗೇಟಿನಿಂದ ಎಣಿಸಬೇಕು. ಮಡಿಕೇರಿಯಿಂದ ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣ ಮುನ್ನೂರು ಕಿಲೋಮೀಟರಿಗೆ ಹತ್ತಿರ. ಮೈಸೂರು–ಬೆಂಗಳೂರು ದಶಪಥ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಮೇಲೆ ನಡುವಿನ ಭಾಗ ಚುರುಕಾಗಿದೆ, ಸರಿ. ಆದರೆ ನಿಲ್ದಾಣ ಇರುವುದು ಊರಿನ ಆಚೆ ಬದಿಯಲ್ಲಿ. ಕೆಂಗೇರಿಯಿಂದ ಹೆಬ್ಬಾಳ ದಾಟುವುದೇ ಒಂದು ಪ್ರಯಾಣ. ಯುರೋಪ್ ಮತ್ತು ಗಲ್ಫ್ ಕಡೆಯ ಹಲವು ವಿಮಾನಗಳು ನಡುರಾತ್ರಿ ಕಳೆದ ಮೇಲೆ ಹೊರಡುತ್ತವೆ. ಗೋಣಿಕೊಪ್ಪದಿಂದ ಮಧ್ಯಾಹ್ನ ಊಟ ಮುಗಿಸಿ ಹೊರಟವರು ಕೆಂಗೇರಿ ಮುಟ್ಟುವುದು ಸರಿಯಾಗಿ ಆಫೀಸು ಬಿಡುವ ಹೊತ್ತಿಗೆ. ಬೆಳಿಗ್ಗೆ ಹತ್ತಕ್ಕೆ ಹೊರಟರೆ ಆ ದಟ್ಟಣೆಗೆ ಮೊದಲೇ ನಗರ ದಾಟಬಹುದು, ನಿಲ್ದಾಣದಲ್ಲಿ ಕಾಯಬೇಕಾಗುತ್ತದೆ. ಲೌಂಜ್ ನಿಜಕ್ಕೂ ಉಪಯೋಗಕ್ಕೆ ಬರುವುದು ಈ ಸಂದರ್ಭದಲ್ಲಿ. ಅದಕ್ಕೆ ಗೋಲ್ಡ್ ಸ್ಟೇಟಸ್ಸೇ ಬೇಕೆಂದಿಲ್ಲ, ಎಷ್ಟೋ ಬ್ಯಾಂಕ್ ಕಾರ್ಡುಗಳಲ್ಲಿ ಆ ಸೌಲಭ್ಯ ಇದೆ. ಕಾರ್ಡಿನ ಷರತ್ತು ಮಾತ್ರ ಓದಿಕೊಳ್ಳಿ. ಹಿಂದಿನ ತ್ರೈಮಾಸಿಕದಲ್ಲಿ ಇಷ್ಟು ಖರ್ಚು ಮಾಡಿರಬೇಕು ಎಂಬ ನಿಯಮ ಈಗ ಹಲವು ಬ್ಯಾಂಕುಗಳಲ್ಲಿ ಬಂದಿದೆ.

ವಾಪಸು ಬರುವಾಗಿನ ಕಷ್ಟ ಇನ್ನೂ ಹೆಚ್ಚು. ರಾತ್ರಿ ಒಂದಕ್ಕೋ ಎರಡಕ್ಕೋ ಇಳಿದು, ಅಷ್ಟು ಹೊತ್ತು ಕಾದು ಕೂತ ಚಾಲಕನ ಕಾರು ಹತ್ತಿ ಬೆಳಗಿನ ಜಾವ ತಿತಿಮತಿ ಕಾಡಿನ ರಸ್ತೆಯಲ್ಲಿ ಬರುವುದು ಒಳ್ಳೆಯದಲ್ಲ. ಆನೆ ಒಂದು ಕಡೆ, ತೂಕಡಿಕೆ ಇನ್ನೊಂದು ಕಡೆ. ಕುಟ್ಟ ಕಡೆಯವರು ನಾಗರಹೊಳೆ ಒಳಗಿನ ರಸ್ತೆ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸುತ್ತುದಾರಿಯ ಟಿಕೆಟ್ಟಿನಲ್ಲಿ ಉಳಿಸಿದ ದುಡ್ಡಿನಲ್ಲಿ ನಿಲ್ದಾಣದ ಹತ್ತಿರ ಒಂದು ರಾತ್ರಿಯ ರೂಮು, ಚಾಲಕನ ಬಾಟಾ ಕಳೆದು ನೋಡಿ. ಉಳಿತಾಯ ಎಷ್ಟು ಉಳಿಯುತ್ತದೆಂದು ಆಗ ತಿಳಿಯುತ್ತದೆ.

ಉದಾಹರಣೆಗೆ ಹ್ಯಾಂಬರ್ಗ್‌ಗೆ ಹೋಗುವ ಕಾಫಿ ರಫ್ತುದಾರರನ್ನೇ ತೆಗೆದುಕೊಳ್ಳಿ. ಬೆಂಗಳೂರಿನಿಂದ ಲುಫ್ತಾನ್ಸಾ ಫ್ರಾಂಕ್‌ಫರ್ಟ್‌ಗೆ ನೇರ ಹಾರುತ್ತದೆ, 2023ರ ನವೆಂಬರ್‌ನಿಂದ ಮ್ಯೂನಿಕ್‌ಗೂ ಶುರು ಮಾಡಿತು. ಅಲ್ಲಿಂದ ಹ್ಯಾಂಬರ್ಗ್ ಒಂದು ಗಂಟೆಯ ಹಾರಾಟ. ಏರ್ ಇಂಡಿಯಾ ಖಾತೆಗೆ ಅಂಕ ಬೇಕೆಂದು ಕೆಲವರು ಬೆಂಗಳೂರು–ದೆಹಲಿ–ಫ್ರಾಂಕ್‌ಫರ್ಟ್–ಹ್ಯಾಂಬರ್ಗ್ ಎಂದು ಹೋಗುತ್ತಾರೆ. ಇದರ ಅಗತ್ಯವೇ ಇಲ್ಲ. ಏರ್ ಇಂಡಿಯಾ 2014ರ ಜುಲೈಯಿಂದ ಸ್ಟಾರ್ ಅಲಯನ್ಸ್ ಎಂಬ ವಿಮಾನ ಕಂಪನಿಗಳ ಕೂಟದ ಸದಸ್ಯ, ಲುಫ್ತಾನ್ಸಾ ಕೂಡ ಅದೇ ಕೂಟದ್ದು. ಲುಫ್ತಾನ್ಸಾದಲ್ಲಿ ಹಾರಿ ಏರ್ ಇಂಡಿಯಾ ಖಾತೆಯ ಸಂಖ್ಯೆ ಕೊಡಬಹುದು. ಎಷ್ಟು ಅಂಕ ಸೇರುತ್ತದೆ ಎಂಬುದು ಟಿಕೆಟ್ಟಿನ ಬುಕಿಂಗ್ ಕ್ಲಾಸಿನ ಮೇಲೆ ನಿಂತಿದೆ, ಅದಕ್ಕೆ ಮುಂದೆ ಬರುತ್ತೇವೆ. ದೆಹಲಿ ದಾರಿಗೆ ಇನ್ನೊಂದು ತೊಡಕೂ ಸೇರಿದೆ. 2025ರ ಏಪ್ರಿಲ್ 24ರಿಂದ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನ ಕಂಪನಿಗಳಿಗೆ ಮುಚ್ಚಿತು. ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ನಮ್ಮ ವಿಮಾನಗಳು ತೆಂಕಣಕ್ಕೆ ಇಳಿದು ಅರಬ್ಬೀ ಸಮುದ್ರದ ಮೇಲೆ ಬಳಸಿ ಹೋಗಬೇಕಾಯಿತು. ಬೆಂಗಳೂರಿನಿಂದ ಉತ್ತರಕ್ಕೆ ಹೋಗಿ, ಮತ್ತೆ ದಕ್ಷಿಣಕ್ಕೆ ಬಂದು, ಆಮೇಲೆ ಪಶ್ಚಿಮ! ವಾಪಸು ಬರುವಾಗ ದೆಹಲಿಯಲ್ಲೇ ಇಮಿಗ್ರೇಷನ್, ಅಲ್ಲೇ ಲಗೇಜ್ ಇಳಿಸಿಕೊಂಡು ಕಸ್ಟಮ್ಸ್ ದಾಟಿ ಮತ್ತೆ ಒಪ್ಪಿಸಬೇಕು. ಭಾರತದಲ್ಲಿ ಮೊದಲು ಇಳಿದ ನಿಲ್ದಾಣದಲ್ಲೇ ಇದು ಆಗುವುದು ಸಾಮಾನ್ಯ ಕ್ರಮ. ಎರಡು ಗಂಟೆಯ ಅಂತರ ಇದಕ್ಕೆ ಸಾಲದು. ಮೂರರಿಂದ ನಾಲ್ಕು ಇಟ್ಟುಕೊಳ್ಳಿ.

ದಕ್ಷಿಣ ಕೊಡಗಿನವರಿಗೆ ಹತ್ತಿರದ ನಿಲ್ದಾಣ ಕಣ್ಣೂರು. ವಿರಾಜಪೇಟೆಯಿಂದ ಪೆರುಂಬಾಡಿ, ಮಾಕುಟ್ಟ, ಇರಿಟ್ಟಿ ಮಾರ್ಗವಾಗಿ ಆ ನಿಲ್ದಾಣ ಇರುವ ಮಟ್ಟನ್ನೂರಿಗೆ ಸುಮಾರು 60 ಕಿಲೋಮೀಟರ್, ಎರಡು ಗಂಟೆ ಸಾಕು. 2018ರ ಡಿಸೆಂಬರ್ 9ರಂದು ತೆರೆದ ಈ ನಿಲ್ದಾಣದ ರನ್‌ವೇ 3,050 ಮೀಟರ್, ದೊಡ್ಡ ವಿಮಾನವೂ ಇಳಿಯಬಹುದು. ಆದರೆ ವಿದೇಶಿ ಕಂಪನಿಗಳು ನಿತ್ಯದ ಸೇವೆ ನಡೆಸಲು ಬೇಕಾದ ‘ಪಾಯಿಂಟ್ ಆಫ್ ಕಾಲ್’ ಮಾನ್ಯತೆಯನ್ನು ಕೇಂದ್ರ ಕೊಟ್ಟಿಲ್ಲ. ಹಾಗಾಗಿ ಅಲ್ಲಿಂದ ಗಲ್ಫ್‌ಗೆ ಹಾರುವವು ಏರ್ ಇಂಡಿಯಾ ಎಕ್ಸ್‌ಪ್ರೆಸ್ ಮತ್ತು ಇಂಡಿಗೊ. ಎಕ್ಸ್‌ಪ್ರೆಸ್ ಕೂಡ ಏರ್ ಇಂಡಿಯಾದಂತೆ ಟಾಟಾ ಬಳಗದ್ದೇ ಆದರೂ ಸ್ಟಾರ್ ಅಲಯನ್ಸ್ ಸದಸ್ಯ ಅಲ್ಲ. ಇಂಡಿಗೊ ಯಾವ ಜಾಗತಿಕ ಕೂಟದಲ್ಲೂ ಇಲ್ಲ. ಅದರ ಬ್ಲೂಚಿಪ್ ಯೋಜನೆ ಅದರದ್ದೇ. ಒಟ್ಟಿನಲ್ಲಿ ಹತ್ತಿರದ ನಿಲ್ದಾಣದಲ್ಲಿ ನಿಮ್ಮ ಸ್ಟಾರ್ ಅಲಯನ್ಸ್ ಗೋಲ್ಡ್ ಕಾರ್ಡಿಗೆ ಬೆಲೆ ಇಲ್ಲ. ದುಬೈ, ಅಬುಧಾಬಿ, ಮಸ್ಕತ್‌ನಲ್ಲೇ ಕೆಲಸ ಇದ್ದವರು ಕಾರ್ಡನ್ನು ಮರೆತು ಇಲ್ಲಿಂದಲೇ ಹೋಗಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ. ಬೆಂಗಳೂರಿಗೆ ಹೋಗುವ ಅರ್ಧ ದಾರಿಯಲ್ಲೇ ಅವರು ಕಣ್ಣೂರಿನಿಂದ ದುಬೈನಲ್ಲಿ ಇಳಿದಿರುತ್ತಾರೆ ಎಂದರೆ ಸ್ವಲ್ಪ ಉತ್ಪ್ರೇಕ್ಷೆ, ಬಹಳ ಅಲ್ಲ.

ತಪ್ಪು ಆಗುವುದು ಕಣ್ಣೂರಿನಿಂದ ಗಲ್ಫ್‌ಗೆ ಒಂದು ಟಿಕೆಟ್, ಅಲ್ಲಿಂದ ಯುರೋಪಿಗೆ ಬೇರೆ ಕಂಪನಿಯ ಇನ್ನೊಂದು ಟಿಕೆಟ್ ಎಂದು ತುಂಡು ಮಾಡಿಕೊಂಡಾಗ. ಎರಡು ಪಿಎನ್‌ಆರ್ ಇದ್ದರೆ ಲಗೇಜ್ ಕೊನೆಯವರೆಗೆ ಹೋಗುವುದಿಲ್ಲ. ದುಬೈನಲ್ಲಿ ಟರ್ಮಿನಲ್ 2 ರನ್‌ವೇಯ ಆಚೆ ಬದಿಗಿದೆ, ಎಮಿರೇಟ್ಸ್ ಹೊರಡುವುದು ಟರ್ಮಿನಲ್ 3ರಿಂದ. ಚೀಲ ಇಳಿಸಿಕೊಳ್ಳಲು ಇಮಿಗ್ರೇಷನ್ ದಾಟಬೇಕು, ದಾಟಲು ಯುಎಇ ವೀಸಾ ಬೇಕು. ಮೊದಲ ವಿಮಾನ ತಡವಾದರೆ ಎರಡನೆಯ ಕಂಪನಿಗೆ ನೀವು ‘ಬಾರದ ಪ್ರಯಾಣಿಕ’ ಅಷ್ಟೇ. ಟಿಕೆಟ್ ದುಡ್ಡು ಹೋಯಿತು, ಹಲವು ಸಲ ವಾಪಸು ಬರುವ ಟಿಕೆಟ್ಟೂ ತಾನಾಗಿ ರದ್ದಾಗುತ್ತದೆ. ಗೋಲ್ಡ್ ಕಾರ್ಡ್ ತೋರಿಸಿ ಜಗಳ ಆಡಿದರೂ ಅವರಿಗೆ ಹೊಣೆ ಇಲ್ಲ.

ಕಣ್ಣೂರಿನಿಂದ ಬೆಂಗಳೂರಿಗೆ ಸಣ್ಣ ವಿಮಾನದಲ್ಲಿ ಬಂದು ಅಲ್ಲಿಂದ ಯುರೋಪ್ ವಿಮಾನ ಹಿಡಿಯುವವರಿಗೂ ಒಂದು ಮಾತು. ದೇಶದೊಳಗಿನ ಇಂಡಿಗೊ ಟಿಕೆಟ್‌ನಲ್ಲಿ ಚೆಕ್-ಇನ್ ಲಗೇಜ್ 15 ಕೆ.ಜಿ. ಅಂತರರಾಷ್ಟ್ರೀಯ ಟಿಕೆಟ್‌ನಲ್ಲಿ 23 ಕೆ.ಜಿ.ಯ ಚೀಲ ಬಿಡುತ್ತಾರೆಂದು ಅಷ್ಟನ್ನೂ ತುಂಬಿಕೊಂಡು ಮಟ್ಟನ್ನೂರಿಗೆ ಹೋದರೆ 8 ಕೆ.ಜಿ.ಗೆ ಹೆಚ್ಚುವರಿ ದುಡ್ಡು ಕಟ್ಟಬೇಕು. ಬೆಂಗಳೂರಿನಲ್ಲಿ ಇಳಿಯುವುದು ಟರ್ಮಿನಲ್ 1, ಅಂತರರಾಷ್ಟ್ರೀಯ ವಿಮಾನ ಎಲ್ಲವೂ 2023ರ ಸೆಪ್ಟೆಂಬರ್‌ನಿಂದ ಟರ್ಮಿನಲ್ 2. ಚೀಲ ಇಳಿಸಿ, ಷಟಲ್ ಹತ್ತಿ, ಮತ್ತೆ ಸಾಲಿನಲ್ಲಿ ನಿಲ್ಲಬೇಕು. ಐದು ಗಂಟೆ ಅಂತರ ಇಲ್ಲದಿದ್ದರೆ ಈ ದಾರಿ ಬೇಡ.

ಮಡಿಕೇರಿ, ನಾಪೋಕ್ಲು ಕಡೆಯವರಿಗೆ ಮಂಗಳೂರು ಸುಮಾರು 140 ಕಿಲೋಮೀಟರ್. ಅಲ್ಲಿಯೂ ವಿದೇಶಿ ಕಂಪನಿ ಇಲ್ಲ. ಗುಡ್ಡದ ತುದಿಯ 2,450 ಮೀಟರ್ ರನ್‌ವೇ ಆದ್ದರಿಂದ ಜಡಿಮಳೆಯಲ್ಲಿ ಕಣ್ಣು ಕಾಣದಿದ್ದರೆ ವಿಮಾನವನ್ನು ಬೇರೆಡೆಗೆ ತಿರುಗಿಸುತ್ತಾರೆ. ಕುಟ್ಟ, ಶ್ರೀಮಂಗಲದವರು ಯೋಚಿಸದ ಇನ್ನೊಂದು ನಿಲ್ದಾಣ ಕೋಯಿಕ್ಕೋಡಿನ ಕರಿಪುರ. ಮಾನಂತವಾಡಿ, ತಾಮರಶ್ಶೇರಿ ಚುರ (ಘಾಟಿ) ಇಳಿದು ಸುಮಾರು 150 ಕಿಲೋಮೀಟರ್. ಅಲ್ಲಿಗೆ ಗಲ್ಫಿನ ವಿದೇಶಿ ಕಂಪನಿಗಳು ಬರುತ್ತವೆ. ಕತಾರ್ ಏರ್‌ವೇಸ್ ಒನ್‌ವರ್ಲ್ಡ್ ಕೂಟದ ಸದಸ್ಯ ಆದ್ದರಿಂದ ಒಂದೇ ಟಿಕೆಟ್‌ನಲ್ಲಿ ದೋಹಾ ಮೂಲಕ ಯುರೋಪಿಗೆ ಹೋಗಬಹುದು, ಸ್ಟೇಟಸ್ಸೂ ನಡೆಯುತ್ತದೆ. ಶನಿವಾರ, ಭಾನುವಾರ ಚುರದ ಒಂಬತ್ತು ತಿರುವಿನಲ್ಲಿ ವಾಹನಗಳ ಸಾಲು ಕೆಟ್ಟದು. ವಾರದ ನಡುವೆ ಹೊರಡಿ. ಮೈಸೂರು ಮಂಡಕಳ್ಳಿಯ ರನ್‌ವೇ 1,740 ಮೀಟರ್, ಎಟಿಆರ್‌ನಂಥ ಸಣ್ಣ ವಿಮಾನಕ್ಕಷ್ಟೇ ಸಾಕು. ಈ ಚರ್ಚೆಗೆ ಅದು ಇನ್ನೂ ಬಂದಿಲ್ಲ.

ಮಳೆಗಾಲದ ಮಾತು ಬೇರೆಯೇ. ಯುರೋಪಿನ ವರ್ಲ್ಡ್ ಆಫ್ ಕಾಫಿ ಮೇಳ 2024ರಲ್ಲಿ ಕೋಪನ್‌ಹೇಗನ್‌ನಲ್ಲಿ, 2025ರಲ್ಲಿ ಜಿನೀವಾದಲ್ಲಿ, ಎರಡೂ ಜೂನ್ ಕೊನೆಯ ವಾರದಲ್ಲೇ ನಡೆಯಿತು. ನಮ್ಮಲ್ಲಿ ಗುಡ್ಡ ಜಾರುವ ಹೊತ್ತು ಅದು. 2018ರ ಜೂನ್‌ನಲ್ಲಿ ಮಾಕುಟ್ಟ ರಸ್ತೆ, ಆಗಸ್ಟ್‌ನಲ್ಲಿ ಮಡಿಕೇರಿ–ಸಂಪಾಜೆ ರಸ್ತೆ ಕುಸಿದು ವಾರಗಟ್ಟಲೆ ಮುಚ್ಚಿದ್ದು ಎಲ್ಲರಿಗೂ ನೆನಪಿದೆ. ಜೂನ್‌ನಿಂದ ಆಗಸ್ಟ್‌ವರೆಗೆ ಕಣ್ಣೂರು, ಮಂಗಳೂರಿನಿಂದ ಹೊರಡುವವರು ಹಿಂದಿನ ದಿನವೇ ಘಾಟಿ ಇಳಿದು ಉಳಿಯುವುದು ಕ್ಷೇಮ. ದಿನಾಂಕ ಬದಲಿಸಲು ಅವಕಾಶ ಇರುವ ದರದ ಟಿಕೆಟ್‌ಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಆ ದರಕ್ಕೆ ಅಂಕವೂ ಹೆಚ್ಚು ಸೇರುತ್ತದೆ ಎಂಬುದು ಕಾರ್ಡಿನವರಿಗೆ ಸಮಾಧಾನ.

ಇಷ್ಟೆಲ್ಲ ಕೇಳಿದ ಮೇಲೂ ಸ್ಟೇಟಸ್ ಬೇಕು ಎನ್ನುವವರು ದುಡ್ಡು ಕಟ್ಟುವ ಮೊದಲು ಮೂರು ಸಂಗತಿ ನೋಡಬೇಕು. ಟಿಕೆಟ್ ಮೇಲಿನ ಒಂದಕ್ಷರದ ಬುಕಿಂಗ್ ಕ್ಲಾಸ್ ಯಾವುದು? ಎಕಾನಮಿ ಎಂದರೆ ಒಂದೇ ಅಲ್ಲ. ಅದರೊಳಗೆ ಹತ್ತಾರು ಅಕ್ಷರಗಳಿವೆ, ಅಗ್ಗದ ಕೆಲವಕ್ಕೆ ಪಾಲುದಾರ ಕಂಪನಿಯ ಖಾತೆಯಲ್ಲಿ ಸೊನ್ನೆ. ನಿಮ್ಮ ಖಾತೆ ಇರುವ ಕಂಪನಿಯ ಜಾಲತಾಣದಲ್ಲಿ ಪಾಲುದಾರರ ಪಟ್ಟಿ ತೆರೆದು ಆ ಅಕ್ಷರ ಹುಡುಕಿ. ಎರಡನೆಯದು, ವಿಮಾನ ನಡೆಸುವವರು ಯಾರು ಎಂಬುದು. ಟಿಕೆಟ್‌ನಲ್ಲಿ ಒಂದು ಕಂಪನಿಯ ಸಂಖ್ಯೆ ಇದ್ದು ಕೆಳಗೆ ಸಣ್ಣಕ್ಷರದಲ್ಲಿ ಬೇರೆ ಕಂಪನಿಯ ಹೆಸರಿದ್ದರೆ ಅದು ಕೋಡ್‌ಷೇರ್. ಅಂಕದ ನಿಯಮ, ಲೌಂಜ್, ಲಗೇಜ್ ಎಲ್ಲ ಬದಲಾಗಬಹುದು. ಮೂರನೆಯದು 13 ಅಂಕಿಯ ಟಿಕೆಟ್ ಸಂಖ್ಯೆ. ಮೊದಲ ಮೂರು ಅಂಕಿ ಟಿಕೆಟ್ ಕೊಟ್ಟ ಕಂಪನಿಯ ಗುರುತು: 098 ಏರ್ ಇಂಡಿಯಾ, 220 ಲುಫ್ತಾನ್ಸಾ, 176 ಎಮಿರೇಟ್ಸ್, 157 ಕತಾರ್, 618 ಸಿಂಗಪುರ್. ಬದಲಾವಣೆ, ಮರುಪಾವತಿ ಏನೇ ಇದ್ದರೂ ಮೊದಲು ಕೇಳಬೇಕಾದ್ದು ಆ ಕಂಪನಿಯನ್ನು.

ಕೊಡಗಿನವರಿಗೇ ವಿಶೇಷವಾಗಿ ಬರುವ ತಾಪತ್ರಯ ಹೆಸರಿನದು. ಒಕ್ಕದ (ಮನೆತನದ) ಹೆಸರು ಮುಂದೆ, ತಂದೆಯ ಹೆಸರಿನ ಇನಿಷಿಯಲ್ ನಡುವೆ, ತಮ್ಮ ಹೆಸರು ಕೊನೆಗೆ ಬರೆಯುವ ವಾಡಿಕೆ ನಮ್ಮದು. ಪಾಸ್‌ಪೋರ್ಟ್‌ನಲ್ಲಿ ಒಕ್ಕದ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿರುತ್ತದೆ, ಕೆಲವರದ್ದು ಇಡೀ ಹೆಸರೂ ಗಿವನ್ ನೇಮ್‌ನಲ್ಲೇ ಇರುತ್ತದೆ. ಕಾರ್ಡಿನ ಖಾತೆ ತೆರೆಯುವಾಗ ಆಧಾರ್ ನೋಡಿ ಬೇರೆ ಕ್ರಮದಲ್ಲಿ ಬರೆದಿದ್ದರೆ ಟಿಕೆಟ್‌ನ ಹೆಸರಿಗೂ ಖಾತೆಯ ಹೆಸರಿಗೂ ತಾಳೆಯಾಗದೆ ಅಂಕ ಸೇರುವುದಿಲ್ಲ. ಖಾತೆಯ ಹೆಸರನ್ನು ಪಾಸ್‌ಪೋರ್ಟ್‌ನಂತೆಯೇ ತಿದ್ದಿಸಿಕೊಳ್ಳಿ. ಪ್ರತಿ ಪ್ರಯಾಣದ ನಂತರ ಅರ್ಜಿ ಹಾಕುವ ಕೆಲಸ ತಪ್ಪುತ್ತದೆ. ಆದರೂ ಅಂಕ ಬರದಿದ್ದರೆ ಹೆಚ್ಚಿನ ಕಂಪನಿಗಳಲ್ಲಿ 6 ತಿಂಗಳೊಳಗೆ ಕೇಳಬಹುದು. ಬೋರ್ಡಿಂಗ್ ಪಾಸ್ ಮತ್ತು ಟಿಕೆಟ್ ಸಂಖ್ಯೆ ಬೇಕು. ಮೊಬೈಲ್ ಆ್ಯಪ್‌ನಲ್ಲಿನ ಬೋರ್ಡಿಂಗ್ ಪಾಸ್ ವಿಮಾನ ಇಳಿದ ಮೇಲೆ ಮಾಯವಾಗುವುದುಂಟು, ಹತ್ತುವ ಮೊದಲೇ ಸ್ಕ್ರೀನ್‌ಶಾಟ್ ತೆಗೆದಿಡಿ.

ಕನೆಕ್ಷನ್ ತಪ್ಪಿದಾಗ ಕಾಯುವುದು ಗೋಲ್ಡ್ ಕಾರ್ಡ್ ಎಂದು ಹಲವರು ನಂಬಿದ್ದಾರೆ. ಕಾರ್ಡ್ ಇದ್ದರೆ ಬೇರೆ ಸಾಲು, ಬೇರೆ ಫೋನ್ ಸಂಖ್ಯೆ ಸಿಗುತ್ತದೆ ನಿಜ. ಕಾನೂನಿನ ರಕ್ಷಣೆ ಬರುವುದು ಒಂದೇ ಟಿಕೆಟ್ ಇದ್ದಾಗ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮದಂತೆ ಮುನ್ಸೂಚನೆ ಇಲ್ಲದೆ ವಿಮಾನ ರದ್ದಾದರೆ, ಅಥವಾ ಅದರಿಂದ ಅದೇ ಟಿಕೆಟ್ ಸಂಖ್ಯೆಯ ಮುಂದಿನ ವಿಮಾನ ತಪ್ಪಿದರೆ, ಹಾರಾಟದ ಅವಧಿ ನೋಡಿ 5,000, 7,500 ಅಥವಾ 10,000 ರೂಪಾಯಿ, ಇಲ್ಲವೇ ಮೂಲದರ ಮತ್ತು ಇಂಧನ ಶುಲ್ಕ, ಇವುಗಳಲ್ಲಿ ಯಾವುದು ಕಡಿಮೆಯೋ ಅಷ್ಟು ಪರಿಹಾರ. ಹವಾಮಾನದಂಥ ಕಾರಣಕ್ಕೆ ಇದಿಲ್ಲ. ಯುರೋಪಿಯನ್ ಒಕ್ಕೂಟದ ನಿಲ್ದಾಣದಿಂದ ಹೊರಟ ಯಾವುದೇ ಕಂಪನಿಯ ವಿಮಾನಕ್ಕೂ, ಇಲ್ಲಿಂದ ಅಲ್ಲಿಗೆ ಹೋಗುವ ಆ ಒಕ್ಕೂಟದ ಕಂಪನಿಗಳ ವಿಮಾನಕ್ಕೂ 261/2004 ಸಂಖ್ಯೆಯ ನಿಯಮ ಅನ್ವಯಿಸುತ್ತದೆ: 3,500 ಕಿಲೋಮೀಟರಿಗೂ ದೂರದ ಪ್ರಯಾಣದಲ್ಲಿ ಕೊನೆಯ ಊರಿಗೆ 4 ಗಂಟೆಗಿಂತ ಹೆಚ್ಚು ತಡವಾಗಿ ತಲುಪಿದರೆ, ಕಾರಣ ಕಂಪನಿಯದ್ದಾದರೆ, 600 ಯೂರೊ. ಸಾದಾ ಎಕಾನಮಿಯವರಿಗೂ ಅಷ್ಟೇ, ಗೋಲ್ಡ್‌ನವರಿಗೂ ಅಷ್ಟೇ.

ವರ್ಷದ ಕೊನೆಗೆ ಅಂಕ ಕಡಿಮೆ ಬಿತ್ತೆಂದು ಡಿಸೆಂಬರ್‌ನಲ್ಲಿ ಕೆಲಸವಿಲ್ಲದ ಊರಿಗೆ ಹೋಗಿಬರುವ ಚಾಳಿಯೂ ಶುರುವಾಗಿದೆ. ಅರೇಬಿಕಾ ಕೊಯ್ಲು ನಡೆಯುವಾಗ, ಪುತ್ತರಿ ಹಬ್ಬದ ಆಸುಪಾಸಿನಲ್ಲಿ, ಕಣದಲ್ಲಿ ಕಾಫಿ ಹರಡಿರುವಾಗ ತೋಟದ ಯಜಮಾನರು ಪಾಯಿಂಟಿಗಾಗಿ ಆಕಾಶದಲ್ಲಿರುವುದಕ್ಕೆ ನಾವು ಟಿಕೆಟ್ ಮಾಡಿಕೊಡುತ್ತೇವೆ, ಬುದ್ಧಿವಾದ ಹೇಳಿದ ಮೇಲೆ. ವರ್ಷಕ್ಕೆ ಮೂರು ನಾಲ್ಕು ದೂರ ಪ್ರಯಾಣ ಮಾಡುವವರು ಸ್ಟೇಟಸ್ ಆಸೆ ಬಿಟ್ಟು, ಒಂದೇ ಕನೆಕ್ಷನ್‌ನ ಒಂದೇ ಟಿಕೆಟ್ ಕೊಳ್ಳುವುದು ಲೇಸು.

ಜನಪ್ರತಿನಿಧಿಗಳಲ್ಲಿ ನಮ್ಮ ಕೋರಿಕೆಯೂ ಇದೆ. ಕಣ್ಣೂರಿಗೆ ಪಾಯಿಂಟ್ ಆಫ್ ಕಾಲ್ ಬೇಕೆಂದು ಕೇರಳದವರು ಮಾತ್ರ ಕೇಳುತ್ತಿದ್ದಾರೆ. ದಕ್ಷಿಣ ಕೊಡಗಿಗೂ ಅದೇ ಹತ್ತಿರದ ನಿಲ್ದಾಣ ಎಂದು ನಮ್ಮ ಸಂಸದರೂ ರಾಜ್ಯ ಸರ್ಕಾರವೂ ನಾಗರಿಕ ವಿಮಾನಯಾನ ಸಚಿವಾಲಯಕ್ಕೆ ಬರೆಯಬೇಕು. ಮೈಸೂರಿನ ರನ್‌ವೇಯನ್ನು 2,750 ಮೀಟರಿಗೆ ಬೆಳೆಸುವ ಯೋಜನೆ ಹೆದ್ದಾರಿ ಮತ್ತು ರೈಲು ಹಳಿಯ ತೊಡಕಿನಲ್ಲಿ ನಿಂತಿದೆ. ಕೂಡಿಗೆಯಲ್ಲಿ ಕಿರು ಏರ್‌ಸ್ಟ್ರಿಪ್ ಎಂಬ ಮಾತಿಗಿಂತ ಅದು ಮುಗಿದರೆ ಜಿಲ್ಲೆಗೆ ಹೆಚ್ಚು ಉಪಯೋಗ. ಪೆರುಂಬಾಡಿಯಿಂದ ಕೂಟುಪುಳದವರೆಗಿನ ರಸ್ತೆಯ ಚರಂಡಿ ಮತ್ತು ತಡೆಗೋಡೆ ಕೆಲಸ ಮೇ ತಿಂಗಳೊಳಗೆ ಮುಗಿಯಲಿ. ಮಳೆಗಾಲದಲ್ಲಿ ಘಾಟಿ ಮುಚ್ಚುವ ಆದೇಶವನ್ನು ಜಿಲ್ಲಾಡಳಿತ ಸಂಜೆಯ ಬದಲು ಬೆಳಿಗ್ಗೆಯೇ ಹೊರಡಿಸಿದರೆ, ರಾತ್ರಿ ವಿಮಾನದವರು ಮೈಸೂರು ದಾರಿಗೆ ತಿರುಗಿಕೊಳ್ಳಲು ಹೊತ್ತು ಸಿಗುತ್ತದೆ.

— ವಿಮಾನ ಟಿಕೆಟ್ ವೃತ್ತಿಯಲ್ಲಿರುವ ಓದುಗರು, ವಿರಾಜಪೇಟೆ